ಒಪ್ಪ ಯಾರದು?

ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ‘ಒಪ್ಪ’ ಎಂಬ ಮಾತು ಬರುವುದುಂಟು. ದಾನವನ್ನೋ ಕರಾರನ್ನೋ ಒಪ್ಪಿದವನ ರುಜು ಅದು. ನಿತ್ಯ ಬಳಸುವ ‘ಒಪ್ಪಿಗೆ’ಯೂ ಅದೇ ಬಳಗದ ಮಾತು. ಒಪ್ಪಿದವನೇ ಒಪ್ಪ ಹಾಕಬೇಕೆಂಬುದನ್ನು ಬೇರೆಯಾಗಿ ಹೇಳಬೇಕೆಂದು ಹಿರಿಯರಿಗೆ ತೋರಿರಲಾರದು. ಛತ್ತೀಸಗಢದ ಹಸದೇವ ಅರಣ್ಯದ ಸುದ್ದಿಯನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಸುಮಾರು 1,70,000 ಹೆಕ್ಟೇರು ಹಬ್ಬಿರುವ ಸಾಲವೃಕ್ಷಗಳ ಕಾಡು ಅದು, ಆನೆಗಳ ದಾರಿ. ಗೊಂಡರೇ ಮೊದಲಾದ ಬುಡಕಟ್ಟಿನವರು ಅಲ್ಲಿ ಬೇಸಗೆ ಬಂತೆಂದರೆ ನಸುಕಿನಲ್ಲೆದ್ದು ಇಪ್ಪೆಯ ಹೂವನ್ನು ಆಯುತ್ತಾರೆ, ಅನಂತರ ಬೀಡಿಯ ಎಲೆಯನ್ನು ಕೊಯ್ಯುತ್ತಾರೆ. ಅವರ ವರ್ಷದ ಲೆಕ್ಕವೆಲ್ಲ ಈ ಮರಗಳ ಮೇಲೆಯೇ. ಆ ಮರಗಳ ಬೇರಿನ ಕೆಳಗೆ ಕಲ್ಲಿದ್ದಲಿದೆ. ಸುರಂಗ ಕೊರೆದು ತೆಗೆಯುವಂತಿದ್ದರೆ ಕಾಡು ಅಷ್ಟಿಷ್ಟು ಉಳಿದೀತು. ಇಲ್ಲಿಯದು ತೆರೆದ ಗಣಿ. ಮೊದಲು ಮರ, ಬಳಿಕ ಮಣ್ಣು, ಆಮೇಲೆ ಬಂಡೆ, ಎಲ್ಲವನ್ನೂ ತೆಗೆದ ಮೇಲೆಯೇ ಕಲ್ಲಿದ್ದಲು.

ರಾಜಸ್ಥಾನ ಸರ್ಕಾರದ ವಿದ್ಯುತ್ ಸಂಸ್ಥೆಗೆ ದೊರೆತ ಪರಸಾ ಗಣಿಗೆ ಬೇಕಾದ ಅರಣ್ಯಭೂಮಿ 841 ಹೆಕ್ಟೇರು. ಇಂಥ ಭೂಮಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಸಾಲ್ಹಿ, ಹರಿಹರಪುರ, ಫತೇಪುರಗಳ ಒಪ್ಪಿಗೆಯ ಪತ್ರಗಳೇನೋ ಕಡತ ಸೇರಿದುವು. ಊರವರು ಮಾತ್ರ, ನಾವು ಒಪ್ಪಿಯೇ ಇಲ್ಲ, ಆ ನಿರ್ಣಯಗಳು ಕೃತಕ ಎಂದರು. ಇದನ್ನೇ ಹೇಳಲು 2021ರ ಅಕ್ಟೋಬರಿನಲ್ಲಿ ಹೆಂಗಸರೂ ಮುದುಕರೂ ಸೇರಿದಂತೆ ಸುಮಾರು 350 ಮಂದಿ 300 ಕಿಲೋಮೀಟರು ನಡೆದು ರಾಯಪುರಕ್ಕೆ ಹೋದರು. ರಾಜ್ಯಪಾಲರು ಅವರ ಅಳಲನ್ನು ಕೇಳಿದರು. ಅದೇ ತಿಂಗಳ 21ರಂದು ಕೇಂದ್ರದ ಅರಣ್ಯಾನುಮತಿ ಹೊರಟಿತು! ರಾಜ್ಯದ ಅಂತಿಮ ಆಜ್ಞೆ 2022ರ ಏಪ್ರಿಲ್ 6ರಂದು ಬಂದಿತು.

ಗಣಿಯನ್ನು ಬಯಸುವವರು ಅಲ್ಲಿ ಇಲ್ಲವೆಂದಲ್ಲ. ಸಂಬಳದ ಕೆಲಸವೂ ಪರಿಹಾರದ ಹಣವೂ ಬಡವನಿಗೆ ಸಣ್ಣ ಮಾತಲ್ಲ. ಅವರನ್ನು ಹಳಿಯುವ ಹಕ್ಕು, ವಿದ್ಯುದ್ದೀಪದ ಕೆಳಗೆ ಕುಳಿತು ಬರೆಯುವ ನನಗಿಲ್ಲ. ಆದರೆ ಬಯಸುವವರಿದ್ದರೆ ಅದನ್ನು ಸಭೆಯಲ್ಲಿ ಕೈಯೆತ್ತಿ ಹೇಳಬಹುದಾಗಿತ್ತಲ್ಲವೆ? ಊರಿನ ಹೆಸರಿನಲ್ಲಿ ಪತ್ರವೇಕೆ ತಾನೇ ಹುಟ್ಟಿಕೊಳ್ಳಬೇಕು?

ಹರಿಹರಪುರದಲ್ಲಿ ಜನ 2022ರ ಮಾರ್ಚಿನಿಂದ ಧರಣಿ ಕುಳಿತರು. ಹಸದೇವದ ಗಣಿಗಳನ್ನೆಲ್ಲ ರದ್ದುಮಾಡಬೇಕೆಂದು ಅದೇ ಜುಲೈಯಲ್ಲಿ ರಾಜ್ಯದ ವಿಧಾನಸಭೆಯೇ ಒಮ್ಮತದಿಂದ ನಿರ್ಣಯಿಸಿತು. ಗ್ರಾಮಸಭೆಗಳ ಒಪ್ಪಿಗೆ ಕೃತಕವೆಂಬ ವರದಿ 2024ರಲ್ಲಿ ರಾಜ್ಯದ ಬುಡಕಟ್ಟು ಆಯೋಗದಿಂದ ಹೊರಟಿತು. ಆ ವರ್ಷದ ಅಕ್ಟೋಬರಿನಲ್ಲಿ ಪೊಲೀಸರ ಕಾವಲಿನಲ್ಲಿ ಪರಸಾದ ಮರಗಳಿಗೆ ಕೊಡಲಿ ಬಿದ್ದಿತು. ತಡೆಯಹೋದ ಊರವರಿಗೂ ಪೊಲೀಸರಿಗೂ ಗಾಯಗಳಾದುವು.