ಹೆಲ್ಮೆಟ್ ಕಳಚಿಟ್ಟ ಮೇಲೆ ತಲೆಗೆ ಪೆಟ್ಟು!

ಅಮೆರಿಕದ ಕಾಲೇಜು ಆಟಗಾರನೊಬ್ಬನ ತಲೆಗೆ ಪೆಟ್ಟು ಬಿತ್ತು. ಮಿದುಳು ಅಲುಗಿತು. ಕನ್ಕಷನ್! ಎಲ್ಲಿ ಆಗಿರಬಹುದು, ಊಹಿಸಿ ನೋಡೋಣ.

ಫುಟ್‌ಬಾಲ್ ಮೈದಾನದಲ್ಲಿ? ಐಸ್ ಹಾಕಿ ಆಡುವಾಗ? ಇರಬಹುದು. ಆದರೆ ಹಿಮ ಗಟ್ಟಿದ ಕಾಲುದಾರಿಯಲ್ಲೂ ಆಗಿರಬಹುದು! ಸೈಕಲ್‌ನಿಂದ ಬಿದ್ದು, ಕಾರಿನಲ್ಲಿ ಹೋಗುವಾಗ, ಮೆಟ್ಟಿಲಿಳಿಯುವಾಗ!

ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್‌ನ ಲೆಕ್ಕ 2019ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳಿಗೆ ಕನ್ಕಷನ್? ಸಾವಿರಕ್ಕೊಬ್ಬರಿಗೆ? ಐನೂರಕ್ಕೊಬ್ಬರಿಗೆ?

75 ಮಂದಿಯಲ್ಲಿ ಒಬ್ಬರಿಗೆ!

ಅದರಲ್ಲಿ ಆಟದ ಪಾಲು ಶೇ 41 ಮಾತ್ರ. ಜಾರಿ, ಎಡವಿ, ಉರುಳಿ ಬಿದ್ದು ಆದದ್ದೇ ಶೇ 38!

ನಂಬಿಕೆ ಬರುತ್ತಿಲ್ಲವೇ? ಆಸ್ಟ್ರೇಲಿಯಾದ ಕ್ರಿಕೆಟಿಗ ಗ್ಲೆನ್ ಮ್ಯಾಕ್ಸ್‌ವೆಲ್‌ರನ್ನು ನೆನಪಿಸಿಕೊಳ್ಳಿ. 2023ರ ವಿಶ್ವಕಪ್, ಅಹಮದಾಬಾದ್. ವೇಗದ ಬೌಲರ್‌ಗಳನ್ನು ಚಚ್ಚಿ ಹಾಕುವ ಈ ಮನುಷ್ಯನಿಗೆ ಕನ್ಕಷನ್ ಮಾಡಿದ್ದು ಚೆಂಡಲ್ಲ. ಗಾಲ್ಫ್ ಗಾಡಿ! ಅದರ ಹಿಂಬದಿಯಿಂದ ಬಿದ್ದರು, ಇಂಗ್ಲೆಂಡ್ ವಿರುದ್ಧದ ಪಂದ್ಯವೇ ತಪ್ಪಿಹೋಯಿತು.

ತಲೆಯೊಳಗೆ ನಡೆಯುವುದಂತೂ ಇನ್ನೂ ಬೆರಗು! ಬುರುಡೆ ಬಿರುಕು ಬಿಡಬೇಕಿಲ್ಲ. ರಕ್ತ ಸುರಿಯಬೇಕಿಲ್ಲ. ಸ್ಕ್ಯಾನ್ ತೆಗೆಸಿದರೆ ಸಾಮಾನ್ಯವಾಗಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ದ್ರವದಲ್ಲಿ ತೇಲುತ್ತಿದ್ದ ಸುಮಾರು 1.4 ಕೆ.ಜಿ. ಮಿದುಳು ಒಮ್ಮೆಲೇ ಕುಲುಕಿರುತ್ತದೆ. ನರಕೋಶಗಳಿಂದ ಪೊಟ್ಯಾಸಿಯಂ ಹೊರನುಗ್ಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ವಿಪರೀತ ಶಕ್ತಿ ಬೇಕು. ಸರಿಯಾಗಿ ಅದೇ ಹೊತ್ತಿಗೆ ರಕ್ತದ ಹರಿವು ತಗ್ಗುತ್ತದೆ!

ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಅಂದುಕೊಂಡಿದ್ದೀರಾ? ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ!

ಮೈದಾನದಲ್ಲಿ ಏನೇನು ಸಾಧ್ಯವಾಗಿದೆ ನೋಡಿ. 2016ರಲ್ಲಿ ಐವಿ ಲೀಗ್ ಎಂಬ ಅಮೆರಿಕದ ವಿಶ್ವವಿದ್ಯಾಲಯಗಳ ಕೂಟದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಿಕಾಫ್ ಗೆರೆಯನ್ನು, ಅಂದರೆ ಆಟ ಶುರುಮಾಡಲು ಚೆಂಡು ಒದೆಯುವ ಗೆರೆಯನ್ನು, ಐದು ಯಾರ್ಡ್ ಮುಂದಕ್ಕೆ ಸರಿಸಿದರು, ಒದ್ದ ಚೆಂಡನ್ನು ಹಿಡಿದು ಓಡದಿದ್ದರೆ ಆಟ ಎಲ್ಲಿಂದ ಶುರು ಎಂಬ ಟಚ್‌ಬ್ಯಾಕ್ ನಿಯಮ ತುಸು ಬದಲಿಸಿದರು. ಅಷ್ಟೇ! ಸಾವಿರ ಕಿಕಾಫ್‌ಗೆ ಸುಮಾರು 11 ಇದ್ದ ಕನ್ಕಷನ್ ಎಷ್ಟಕ್ಕಿಳಿಯಿತು ಗೊತ್ತೇ? ಎರಡಕ್ಕೆ!

ಮೆಟ್ಟಿಲ ಮೇಲೆ ಯಾವ ಗೆರೆ ಸರಿಸುತ್ತೀರಿ?

ನನ್ನನ್ನು ಬೆಚ್ಚಿಬೀಳಿಸಿದ್ದು ಮುಂದಿನ ಸಂಗತಿ. ಐವಿ ಲೀಗ್ ಮತ್ತು ಬಿಗ್ ಟೆನ್ ಎಂಬ ಇನ್ನೊಂದು ಕೂಟದ ವಿಶ್ವವಿದ್ಯಾಲಯಗಳು ಸೇರಿ ತಮ್ಮ ಆಟಗಾರರ ಕನ್ಕಷನ್‌ಗಳನ್ನು ದಾಖಲಿಸುತ್ತಿವೆ. ಆಟದ ಪೆಟ್ಟು ಜೋರೋ, ಹೊರಗಿನ ಪೆಟ್ಟು ಜೋರೋ? ಹೊರಗೆ ಪೆಟ್ಟು ತಿಂದವರಲ್ಲೇ ಲಕ್ಷಣಗಳು ತೀವ್ರ, ಚೇತರಿಕೆಯೂ ತಡ! ಅದೂ ಹುಡುಗರಿಗಿಂತ ಹುಡುಗಿಯರಲ್ಲಿ ಈ ಹೊರಗಿನ ಪೆಟ್ಟಿನ ಪಾಲು ಹೆಚ್ಚು.

ಹೊರಗಿನ ಪೆಟ್ಟು ಹೆಚ್ಚು ಕಾಡುವುದೇಕೆ ಎಂಬುದಕ್ಕೊಂದು ಸುಳಿವೂ ಆ ದಾಖಲೆಯಲ್ಲೇ ಇದೆ. ಹೊರಗೆ ಬಿದ್ದವರು ತಕ್ಷಣ ಹೇಳಿಕೊಳ್ಳುವುದು ಕಡಿಮೆ. ಮೈದಾನದಲ್ಲಿ ಬಿದ್ದರೆ ಟ್ರೈನರ್ ಓಡಿ ಬರುತ್ತಾರೆ, ಕಣ್ಣು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹೊರಗೆ ಕೂರಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಕಾಲುದಾರಿಯಲ್ಲಿ ಜಾರಿ ಬಿದ್ದವಳನ್ನು ನೋಡುವವರು ಯಾರು? ಎದ್ದು, ಬಟ್ಟೆ ಕೊಡವಿಕೊಂಡು ಕೋಣೆಗೆ ಹೋಗುತ್ತಾಳೆ. ಬೆಳಿಗ್ಗೆ ಅಭ್ಯಾಸಕ್ಕೂ ಬಂದುಬಿಡುತ್ತಾಳೆ!

ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದಾರೆಯೇ? ಬಚ್ಚಲಲ್ಲಿ ಜಾರಿರಲಿ, ಸ್ಕೂಟರ್‌ನಿಂದ ಬಿದ್ದಿರಲಿ, ತಲೆಗೆ ಪೆಟ್ಟಾಗಿದ್ದರೆ ಕೋಚ್‌ಗೆ ಹೇಳಿಸಿ, ಅವತ್ತು ಆಡಿಸಬೇಡಿ, ಡಾಕ್ಟರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲುವ ಮಾತು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.