ಬುಡಕ್ಕೇ ನೀರು ಬಂದಾಗ

ಮುಂಗಾರಿನ ಮೊದಲೆರಡು ಮಳೆಗಳನ್ನು ಬೆಂಗಳೂರಿನ ಗೃಹಸ್ಥನು ಸಂತೋಷದಿಂದಲೇ ಸ್ವಾಗತಿಸುತ್ತಾನೆ. ಮೂರನೆಯ ಮಳೆ ನಿಂತ ಮೇಲೆ ನಡುಮನೆಯ ಗೋಡೆಯಲ್ಲಿ, ನೆಲದಿಂದ ಮೊಳದುದ್ದ ಎತ್ತರಕ್ಕೆ, ಕಂದುಬಣ್ಣದ ಕಲೆಯೊಂದು ಮೂಡುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತದೆ. ಅದರಡಿಯಲ್ಲಿ ಬಿಳಿಯ ಉಪ್ಪು. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಕಾರು ನಿಲ್ಲಿಸಲೆಂದು ಸಾಲ ಮಾಡಿ ತೋಡಿಸಿದ ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ಮನೆಯೊಡತಿ ಮೇಸ್ತ್ರಿಗೆ ಹೇಳಿ ಕಳುಹಿಸುತ್ತಾಳೆ. ಅವನು ಬಂದು, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, “ಪ್ಲಾಸ್ಟರು ಕಿತ್ತು ವಾಟರ್‌ಪ್ರೂಫ್ ಬಳಿದರೆ ಸರಿಹೋಗುತ್ತೆ, ಅಮ್ಮಾವ್ರೇ” ಎನ್ನುತ್ತಾನೆ. ಹಣ ಖರ್ಚಾಗುತ್ತದೆ. ಮರುವರ್ಷ ಕಲೆ ಇನ್ನೊಂದು ಗೇಣು ಮೇಲಕ್ಕೇರಿ ಅದೇ ಗೋಡೆಗೆ ಮರಳುತ್ತದೆ.

ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆಯೂ ಗಾರೆಯೂ ತಮ್ಮ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತವೆ. ಹಾಗೆ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗಬೇಕು. ಆ ಮೈಗೇ ನೀರು ಬಿಡದ ಬಣ್ಣವನ್ನು ಬಳಿದರೆ, ಅದು ಹೊರಬೀಳುವ ದಾರಿಯನ್ನು ಹುಡುಕುತ್ತ ಇನ್ನೂ ಮೇಲೇರುತ್ತದೆ. ರೋಗ ಅಂಗಳದಲ್ಲಿ, ಔಷಧ ನಡುಮನೆಯಲ್ಲಿ! ಹಳೆಯ ಮನೆಗಳ ಸುಣ್ಣದ ಗೋಡೆಗಳು ಉಸಿರಾಡುತ್ತಿದ್ದುವೆಂದು ಹಿರಿಯರು ಹೇಳುವುದು ಬರಿಯ ಹಳಹಳಿಕೆಯಲ್ಲ.

ಅಂಗಳಕ್ಕೆ ಬೀಳುವ ನೀರೆಷ್ಟೆಂಬುದನ್ನು ಲೆಕ್ಕ ಹಾಕಿದವರು ವಿರಳ. ತಾರಸಿ ಒಂದು ಸಾವಿರ ಚದರಡಿಯದೆಂದು ಇಟ್ಟುಕೊಳ್ಳೋಣ. ಐವತ್ತು ಮಿಲಿಮೀಟರು ಮಳೆ ಸುರಿದರೆ ಅದರ ಮೇಲೆ ಬೀಳುವ ನೀರು ಸುಮಾರು 4,600 ಲೀಟರು. ಇಷ್ಟೂ ನೀರು ಒಂದೆರಡು ಪೈಪುಗಳಲ್ಲಿ ಇಳಿದು ಬರುತ್ತದೆ. ಬಹುಪಾಲು ಮನೆಗಳಲ್ಲಿ ಆ ಪೈಪಿನ ಬಾಯಿ ತೆರೆದುಕೊಳ್ಳುವುದು ಪಾಯದ ಪಕ್ಕದಲ್ಲೇ. ತನ್ನ ಪಾಯಕ್ಕೆ ತಾನೇ ನೀರುಣಿಸುವ ಈ ಏರ್ಪಾಡನ್ನು ಒಡೆಯನು ವರ್ಷಗಟ್ಟಲೆ ನೋಡಿಯೂ ನೋಡದಂತಿರುತ್ತಾನೆ.

ಆದಕಾರಣ ಮೇಸ್ತ್ರಿಯನ್ನು ಕರೆಯುವುದಕ್ಕೆ ಮೊದಲು ಕೊಡೆ ಹಿಡಿದು ಮಳೆಯಲ್ಲೇ ಮನೆಯನ್ನು ಒಂದು ಸುತ್ತು ಬರುವುದು ಲೇಸು. ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಒಳಗಿನ ತೇವದ ಮೂಲವನ್ನು ತಿಳಿಯಲೂ ಒಂದು ಸುಲಭ ಪರೀಕ್ಷೆಯುಂಟು. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಗಟ್ಟಿಯಾಗಿ ಪಟ್ಟಿ ಅಂಟಿಸಿ, ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿ ಬೆವತಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿಯಲ್ಲಿ ಹನಿಗಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆಯುವುದೇ ಮದ್ದು, ಗೋಡೆ ಒಡೆಯಬೇಕಾದ್ದಿಲ್ಲ.

ಅಂಗಳದ ಚಿಕಿತ್ಸೆಯಲ್ಲಿ ಮೊದಲನೆಯದು ವಾಟ. ಗೋಡೆಯಿಂದ ಹತ್ತಡಿ ದೂರಕ್ಕೆ ಆರಂಗುಲ ಇಳಿಜಾರು ಇರಬೇಕೆಂಬುದು ಕಟ್ಟಡದವರ ಲೆಕ್ಕ. ಮೂವತ್ತು-ನಲವತ್ತರ ನಿವೇಶನದಲ್ಲಿ ಹತ್ತಡಿ ಅಂಗಳ ಎಲ್ಲಿಂದ ಬರಬೇಕು? ಇದ್ದ ಮೂರಡಿಯಲ್ಲೇ ನೆಲವನ್ನು ಗೋಡೆಯಿಂದ ಹೊರಕ್ಕೆ ಇಳಿಸಿ, ಕಾಂಪೌಂಡಿನ ಬದಿಗೆ ಸಿಮೆಂಟಿನ ಕಾಲುವೆ ಮಾಡಿ, ತಾರಸಿಯ ಪೈಪನ್ನು ಅದಕ್ಕೇ ತಿರುಗಿಸಬೇಕು. ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಪೇಚು. ರಸ್ತೆಗೆ ಡಾಂಬರಿನ ಪದರದ ಮೇಲೆ ಪದರ ಬಿದ್ದು, ಒಂದು ಕಾಲಕ್ಕೆ ಬೀದಿಗಿಂತ ಮೇಲಿದ್ದ ಅಂಗಳ ಈಗ ಕೆಳಗಾಗಿದೆ. ಅಂಥಲ್ಲಿ ಗೇಟಿನ ಬುಡದಲ್ಲಿ ಅಡ್ಡಮೋರಿ ತೋಡಿ, ಮೇಲೆ ಕಬ್ಬಿಣದ ಜಾಲರಿ ಹಾಸದೆ ಗತ್ಯಂತರವಿಲ್ಲ. ಕೆಲವರು ತಾರಸಿಯ ನೀರನ್ನು ಒಳಚರಂಡಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಜಡಿಮಳೆಯ ದಿನ ಅದೇ ಚರಂಡಿ ತುಂಬಿ, ಕೆಳಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ.

ಮೇಲಿನ ನೀರು ಹೋದರೂ ಮಣ್ಣು ಜೌಗಾಗಿಯೇ ಉಳಿದರೆ ಬಸಿಗಾಲುವೆ ಬೇಕು. ಇದಕ್ಕೆ ಇಂಜಿನಿಯರುಗಳು ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಫ್ರಾನ್ಸ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬಾತ 1859ರಲ್ಲಿ ಹೊಲಗಳ ನೀರು ಬಸಿಯುವ ವಿಧಾನಗಳನ್ನು ಕುರಿತು ‘ಫಾರ್ಮ್ ಡ್ರೈನೇಜ್’ ಎಂಬ ಗ್ರಂಥವನ್ನು ಪ್ರಕಟಿಸಿದ. ವಾಷಿಂಗ್ಟನ್ನಿನಲ್ಲಿ ಆಸೀನನಾಗಿರುವ ಲಿಂಕನ್ನನ ಭವ್ಯ ಪ್ರತಿಮೆಯ ಶಿಲ್ಪಿ ಈತನ ಮಗ. ಮಗನ ಕೃತಿಯನ್ನು ಲೋಕವೆಲ್ಲ ನೋಡುತ್ತದೆ. ತಂದೆಯ ಹೆಸರು ಮಣ್ಣಿನೊಳಗೆ ಕೆಲಸ ಮಾಡುತ್ತಿದೆ! ಕಾಲುವೆಯನ್ನು ನೂರಡಿಗೆ ಒಂದಡಿಯಂತೆ ಇಳಿಜಾರಾಗಿ ತೋಡಿ, ಒಳಗೆ ಬಟ್ಟೆಯಂಥ ಸೋಸುಹಾಸನ್ನು ಹಾಸಿ, ತೂತುಗಳು ಕೆಳಮುಖವಾಗಿರುವಂತೆ ಪೈಪಿಟ್ಟು, ಸುತ್ತಲೂ ತೊಳೆದ ಜಲ್ಲಿ ತುಂಬಿ, ಹಾಸನ್ನು ಮಡಿಚಿ ಮುಚ್ಚಬೇಕು. ಹಾಸಿಲ್ಲದಿದ್ದರೆ ಮಣ್ಣು ಸೇರಿ ಕೆಲವೇ ಮಳೆಗಾಲಗಳಲ್ಲಿ ಕಾಲುವೆ ಕಟ್ಟಿಕೊಳ್ಳುತ್ತದೆ. ನಿಗದಿತ ಅಳತೆಗೆ ಮೀರಿದ ನಿವೇಶನಗಳಿಗೆ ಬೆಂಗಳೂರಿನಲ್ಲಿ 2009ರಿಂದ ಮಳೆನೀರಿನ ಸಂಗ್ರಹ ಕಡ್ಡಾಯವಾದದ್ದು ಒಳ್ಳೆಯದೇ. ಆದರೆ ಇಂಗುಗುಂಡಿಯನ್ನು ನೆಲಮಾಳಿಗೆಯ ಗೋಡೆಗೆ ತಾಗಿಸಿ ತೋಡುವುದು ವಿವೇಕವಲ್ಲ.

ನೆಲಮಾಳಿಗೆಯ ವಿಷಯ ಹೆಚ್ಚು ಗಂಭೀರವಾದುದು. ಹೊರಗಿನ ಮಣ್ಣಿನಲ್ಲಿ ಒಂದು ಮೀಟರು ನೀರು ನಿಂತರೆ ಆ ಮಟ್ಟದ ಬುಡದಲ್ಲಿ ಒಂದು ಚದರ ಮೀಟರಿಗೆ ಒಂದು ಟನ್ ಭಾರ ಬೀಳುತ್ತದೆ. ನೆಲವೂ ಗೋಡೆಯೂ ಕೂಡುವ ಸಂದಿನಲ್ಲಿ ಅದು ನುಗ್ಗುತ್ತದೆ. ಉತ್ತರ ಕರ್ನಾಟಕದ ರೈತರು ಜೋಳವನ್ನು ಹಗೇವಿನಲ್ಲಿ ತುಂಬುವಾಗ ನೀರು ನಿಲ್ಲದ ಎತ್ತರದ ನೆಲವನ್ನೇ ಆರಿಸುತ್ತಿದ್ದರು. ನಗರವು ಆ ಜಾಣತನವನ್ನು ಮರೆಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಎದ್ದ ಊರಿನಲ್ಲಿ ತಗ್ಗಿನ ನಿವೇಶನಗಳಿಗೇನು ಕೊರತೆ? 2022ರ ಸೆಪ್ಟೆಂಬರಿನಲ್ಲಿ ಪೂರ್ವದಿಕ್ಕಿನ ಬಡಾವಣೆಗಳು ಮುಳುಗಿ, ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. 2025ರ ಮೇ ತಿಂಗಳಿನಲ್ಲಿ ವಸತಿಗೃಹವೊಂದರ ನೆಲಮಾಳಿಗೆಯ ಮಳೆನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ತು ತಗುಲಿ ಇಬ್ಬರು ಅಸುನೀಗಿದರು. ಒಬ್ಬ ಇನ್ನೂ ಬಾಲಕ. ನೀರು ತುಂಬಿದ ನೆಲಮಾಳಿಗೆಗೆ ಕಾಲಿಡುವ ಮುನ್ನ, ನೀರಿಗಿಳಿಯದೆಯೇ ಮನೆಯ ಮುಖ್ಯ ಸ್ವಿಚ್ಚನ್ನು ತೆಗೆಯಬೇಕು. ಅದು ನೀರಿನ ಬದಿಯಲ್ಲೇ ಇದ್ದರೆ ವಿದ್ಯುತ್ ಸಿಬ್ಬಂದಿ ಬರುವವರೆಗೆ ಯಾರೂ ಇಳಿಯಕೂಡದು. ಕಾರು ಮುಳುಗಿದರೆ ಮುಳುಗಲಿ. ನೆಲದ ತಗ್ಗಿನಲ್ಲಿ ಸಣ್ಣ ಗುಂಡಿ ಮಾಡಿ, ನೀರೇರಿದಾಗ ತಾನೇ ನಡೆಯುವ ಪಂಪನ್ನು ಬೇಸಿಗೆಯಲ್ಲೇ ಕೂಡಿಸಿ, ಸೋರುವಿದ್ಯುತ್ತನ್ನು ಕಡಿಯುವ ಸಾಧನವನ್ನು ಅದರ ತಂತಿಗೆ ಅಳವಡಿಸಿದ್ದರೆ ಆ ಸರಿರಾತ್ರಿಯ ಓಡಾಟವೇ ತಪ್ಪುತ್ತದೆ.

ಹೊರಗಿನ ಕೆಲಸವೆಲ್ಲ ಮುಗಿದ ಮರುದಿನವೇ ಬಣ್ಣದವನನ್ನು ಕರೆಯುವಂತಿಲ್ಲ. ಗೋಡೆ ಒಂದಂಗುಲ ಒಣಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆಂದು ಅನುಭವಿಗಳ ಅಂದಾಜು. ಗೋಡೆಯ ದಪ್ಪ ಒಂಬತ್ತಂಗುಲ. ದಸರೆಗೆ ನಡುಮನೆಗೆ ಬಣ್ಣ ಮಾಡಿಸಿ ಬೊಂಬೆ ಕೂರಿಸಬೇಕೆಂಬ ಮನೆಯೊಡತಿಯ ಆಸೆ ಆ ವರ್ಷದ ಮಟ್ಟಿಗೆ ಯುಗಾದಿಯವರೆಗೆ ಕಾಯಬೇಕಾಗುತ್ತದೆ.