ಬಳಸಿದ ಕಾರು ಕೊಳ್ಳುವ ಮುನ್ನ: ಎಚ್ಚರಿಕೆ ದೀಪಗಳ ಸಾಕ್ಷ್ಯ

2005ರ ಜುಲೈ 26ರ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗಿನ 24 ಗಂಟೆಗಳಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ರಸ್ತೆಗಳಲ್ಲಿಯೂ ತಗ್ಗಿನ ವಸತಿ ಸಮುಚ್ಚಯಗಳ ಅಂಗಳಗಳಲ್ಲಿಯೂ ನಿಂತಿದ್ದ ಅಸಂಖ್ಯ ಕಾರುಗಳು ನೀರಿನಲ್ಲಿ ಮುಳುಗಿದವು. ಬಾಗಿಲು ತೆರೆಯಲಾಗದೆ ಕಾರಿನೊಳಗೇ ಪ್ರಾಣ ಕಳೆದುಕೊಂಡವರೂ ಇದ್ದರು. ಹೀಗೆ ಮುಳುಗಿ ಎದ್ದ ವಾಹನವೊಂದು ಕೆಲವು ತಿಂಗಳುಗಳ ನಂತರ, ತೊಳೆದು ಹೊಳಪು ಕೊಡಿಸಿಕೊಂಡು ಮಾರಾಟಕ್ಕೆ ಬಂದಾಗ ಅದರ ಪೂರ್ವವೃತ್ತಾಂತ ಕೊಳ್ಳುವವನಿಗೆ ತಿಳಿಯುವ ಬಗೆ ಯಾವುದು? ಹಿಂದ್‌ಮಾತಾ, ಸಯನ್, ಕುರ್ಲಾ, ಅಂಧೇರಿ ಸಬ್‌ವೇ ಮೊದಲಾದೆಡೆ ಭಾರಿ ಮಳೆಗೆ ನೀರು ನಿಲ್ಲುವ ಈ ಮಹಾನಗರದಲ್ಲಿ ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ನೋಂದಣಿ ಪ್ರಮಾಣಪತ್ರ ಊರ್ಜಿತವಾಗಿದೆ, ಆದಕಾರಣ ಕಾರೂ ಸುಸ್ಥಿತಿಯಲ್ಲಿದೆ ಎಂಬುದು ಜನಸಾಮಾನ್ಯರಲ್ಲಿ ಬೇರೂರಿರುವ ತಪ್ಪು ಕಲ್ಪನೆ. 1988ರ ಮೋಟಾರು ವಾಹನ ಅಧಿನಿಯಮದ ಪ್ರಕಾರ ಟ್ಯಾಕ್ಸಿ, ಬಸ್ಸು, ಲಾರಿಗಳಂತಹ ಸಾರಿಗೆ ವಾಹನಗಳು ನಿಯತಕಾಲದಲ್ಲಿ ತಪಾಸಣೆಗೆ ಒಳಪಟ್ಟು ಅರ್ಹತಾ ಪ್ರಮಾಣಪತ್ರ ಪಡೆಯತಕ್ಕದ್ದು. ಖಾಸಗಿ ಕಾರಿನ ನೋಂದಣಿಯಾದರೋ ಒಮ್ಮೆಗೇ 15 ವರ್ಷಗಳವರೆಗೆ ಊರ್ಜಿತ. ಅದು ನವೀಕರಣಕ್ಕೆ ಬರುವವರೆಗೆ ಕಾರಿನ ಬ್ರೇಕು, ಸ್ಟಿಯರಿಂಗುಗಳನ್ನು ಅಧಿಕಾರಿಯೊಬ್ಬರು ಪರೀಕ್ಷಿಸಲೇಬೇಕೆಂಬ ಕಟ್ಟಳೆಯಿಲ್ಲ. ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಹೇಳುವುದು ಹೊಗೆಯ ವಿಚಾರವನ್ನಷ್ಟೇ. ಎಂದಮೇಲೆ ಹತ್ತು ವರ್ಷದ ಕಾರಿಗೆ ಅದನ್ನು ಕೊಳ್ಳುವವನೇ ತಪಾಸಣಾಧಿಕಾರಿ. ಅವನಿಗೆ ದೊರೆಯುವ ಮೊದಲ ಸಾಕ್ಷಿ ಚಾಲಕನ ಎದುರಿನ ಫಲಕದಲ್ಲಿರುವ ಎಚ್ಚರಿಕೆ ದೀಪಗಳು.

ಉರಿಯದ ದೀಪ

ಕೀಲಿಯನ್ನು ತಿರುಗಿಸಿ, ಎಂಜಿನ್ ಚಾಲೂ ಮಾಡದೆ ತುಸು ಹೊತ್ತು ಫಲಕವನ್ನು ನೋಡಬೇಕು. ಬಹುತೇಕ ಎಲ್ಲ ಎಚ್ಚರಿಕೆ ದೀಪಗಳೂ ಆಗ ಬೆಳಗುತ್ತವೆ. ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ದೀಪಗಳು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಆರುತ್ತವೆ. ಎಣ್ಣೆ ಒತ್ತಡದ್ದು ಮತ್ತು ಬ್ಯಾಟರಿಯದ್ದು ಎಂಜಿನ್ ಚಾಲೂ ಆದ ಮೇಲೆ ಆರುತ್ತವೆ. ವಾಹನವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮವಿದು. ಉರಿಯುತ್ತಲೇ ಇರುವ ದೀಪವನ್ನು ಕಂಡು ಕೊಳ್ಳುವವರು ಅಂಜುವುದು ಸಹಜ. ಆದರೆ ಹೆಚ್ಚು ಅಂಜಬೇಕಾದದ್ದು ಈ ಪರೀಕ್ಷೆಯ ವೇಳೆ ಉರಿಯದೇ ಉಳಿದ ದೀಪಕ್ಕೆ. ದೋಷವನ್ನು ಸರಿಪಡಿಸುವುದಕ್ಕಿಂತ ಬಲ್ಬನ್ನು ಕಿತ್ತುಬಿಡುವುದು ಅಗ್ಗ. ಇನ್ನೂ ಚತುರರಾದವರು ಒಂದು ದೀಪದ ತಂತಿಯನ್ನು ಮತ್ತೊಂದಕ್ಕೆ ಜೋಡಿಸುತ್ತಾರೆ. ಏರ್‌ಬ್ಯಾಗಿನ ದೀಪವು ತನ್ನ ಪಾಡಿಗೆ ಆರದೆ, ಬ್ಯಾಟರಿ ದೀಪದೊಂದಿಗೆ ಅದೇ ಕ್ಷಣದಲ್ಲಿ ಆರಿದರೆ ಇಂತಹ ಜೋಡಣೆಯನ್ನು ಶಂಕಿಸಬೇಕು.

ಏರ್‌ಬ್ಯಾಗಿನ ವಿಷಯದಲ್ಲಿ ಇನ್ನೊಂದು ಮೋಸವುಂಟು. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮರಳಿ ಬಳಸಲಾಗದು. ಹೊಸದಕ್ಕೆ ಬೆಲೆ ಹೆಚ್ಚು. ಅದರ ಜಾಗದಲ್ಲಿ ಕಡಿಮೆ ಬೆಲೆಯ ವಿದ್ಯುತ್ ರೋಧಕವೊಂದನ್ನು ಕೂರಿಸಿದರೆ ಎಲ್ಲವೂ ಸರಿಯಿದೆಯೆಂದು ಯಂತ್ರ ನಂಬಿ ದೀಪವನ್ನು ಆರಿಸುತ್ತದೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಕಾನೂನು ಒದಗಿಸಿದ ರಕ್ಷಣೆ ಹೀಗೆ ಖಾಲಿ ಡಬ್ಬಿಯಾಗಿ ಉಳಿದಿದ್ದರೆ ಅದು ಗೊತ್ತಾಗುವುದು ಮುಂದಿನ ಅಪಘಾತದಲ್ಲೇ. ಅಪಘಾತದ ದುರಸ್ತಿಯ ಗುರುತಿರುವ ಕಾರಿನ ಏರ್‌ಬ್ಯಾಗನ್ನು ಅಧಿಕೃತ ಸೇವಾಕೇಂದ್ರದಲ್ಲಿ ತೋರಿಸದೆ ಮುಂಗಡ ಕೊಡಲೇಬಾರದು.

ಕೆಂಪು ದೀಪವೆಂದರೆ ವಾಹನ ನಿಲ್ಲಿಸಬೇಕು. ಹಳದಿಯೆಂದರೆ ಬೇಗನೆ ತೋರಿಸಬೇಕು. ಎಣ್ಣೆಯ ಕುಪ್ಪಿಯ ಆಕಾರದ ಕೆಂಪು ದೀಪದ ಬಗ್ಗೆ ವಿಶೇಷ ಗಮನವಿರಲಿ. ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಮಂದವಾಗಿರುವುದರಿಂದ ಸವೆದ ಎಂಜಿನ್ನಿನಲ್ಲಿಯೂ ಒತ್ತಡ ನಿಲ್ಲುತ್ತದೆ. ಅರ್ಧ ಗಂಟೆ ಓಡಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಿನುಗಿದರೆ ಒಳಗಿನ ಬೇರಿಂಗುಗಳೋ ಪಂಪೋ ಸವೆದಿರುವ ಸಂಭವವಿದೆ. ಕೈಬ್ರೇಕನ್ನು ಸಡಿಲಿಸಿದ ಮೇಲೂ ಬ್ರೇಕಿನ ಕೆಂಪು ದೀಪ ಆರದಿದ್ದರೆ ಬ್ರೇಕ್ ದ್ರವ ಕಡಿಮೆಯಾಗಿರಬಹುದು.

ಎಂಜಿನ್ ಆಕಾರದ ಹಳದಿ ದೀಪ ಭಾರತ್ ಸ್ಟೇಜ್ 4ರ ಮಾನದಂಡಗಳೊಡನೆ, 2010ರ ಏಪ್ರಿಲ್‌ನಿಂದ ಮುಂಬಯಿಯಂತಹ ನಗರಗಳಲ್ಲಿ ಕಡ್ಡಾಯವಾದ ದೋಷಪತ್ತೆ ವ್ಯವಸ್ಥೆಯ ಭಾಗ. ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಕಿಂಡಿಗೆ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಕಾಣುತ್ತದೆ. ಮಾರುವವನು ಹಿಂದಿನ ದಿನವೇ ಸಂಕೇತಗಳನ್ನು ಅಳಿಸಿರಬಹುದು. ಆದರೆ ಅಳಿಸಿದೊಡನೆ ಕಾರಿನ ಸ್ವಯಂಪರೀಕ್ಷೆಗಳೂ ಅಪೂರ್ಣ ಎಂದು ದಾಖಲಾಗುತ್ತವೆ. ಅವು ಪೂರ್ಣವಾಗಲು ಸಾಕಷ್ಟು ದೂರ ಓಡಬೇಕು. ಅನುಭವವುಳ್ಳ ಮೆಕ್ಯಾನಿಕ್ ಇದನ್ನು ಸ್ಕ್ಯಾನರಿನಲ್ಲೇ ಓದಬಲ್ಲ.

ಈ ನಗರದ ಗುರುತುಗಳು

ನೆರೆಯಲ್ಲಿ ಮುಳುಗಿದ ಕಾರು ತನ್ನ ಗುಟ್ಟನ್ನು ಮೂಲೆಗಳಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳತುದಿಯಲ್ಲಿ ಕೆಸರಿನ ಗೆರೆ ಕಾಣಬಹುದು. ನೆಲಹಾಸನ್ನು ಎತ್ತಿ ಮೂಸಬೇಕು. ಹೆಚ್ಚುವರಿ ಚಕ್ರದ ಗುಳಿ, ಆಸನದ ಕೆಳಗಿನ ಬೋಲ್ಟುಗಳು, ತಂತಿಗಳ ಕೂಡುಗಳಲ್ಲಿ ಹಸಿರು ಕಿಲುಬು ಇವನ್ನು ನೋಡಬೇಕು. ಘಮಘಮಿಸುವ ಸುಗಂಧದ್ರವ್ಯ ಸಿಂಪಡಿಸಿದ ಕಾರನ್ನು ಇನ್ನಷ್ಟು ಶಂಕೆಯಿಂದ ನೋಡುವುದು ಲೇಸು. ನೆನೆದ ಎಲೆಕ್ಟ್ರಾನಿಕ್ ಘಟಕಗಳು ತಿಂಗಳುಗಳ ಬಳಿಕ ಒಂದೊಂದಾಗಿ ಕೆಡುತ್ತವೆ. ಇಂದು ಎ.ಬಿ.ಎಸ್. ದೀಪ, ನಾಳೆ ಇನ್ನೊಂದು.

ಸಮುದ್ರದ ಉಪ್ಪುಗಾಳಿಯಿಂದ ಬಾಗಿಲಿನ ಅಡಿ ಅಂಚು ಮತ್ತು ತಳಭಾಗ ತುಕ್ಕು ಹಿಡಿಯುತ್ತವೆ. ಓಡೋಮೀಟರ್ ಕಡಿಮೆ ಕಿಲೋಮೀಟರ್ ತೋರಿಸಿದೊಡನೆ ಹಿಗ್ಗಬೇಕಾಗಿಲ್ಲ: ದಾದರಿನಿಂದ ಬೊರಿವಲಿಗೆ ನಿಂತು ನಿಂತು ಸಾಗುವ ಕಾರಿನ ಎಂಜಿನ್ ದುಡಿದ ಗಂಟೆಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಸವೆದ ಕ್ಲಚ್ಚಿನಲ್ಲಿ ಮಾತ್ರ ಬರುತ್ತವೆ. ಟೈರಿನ ಅಚ್ಚಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರತಕ್ಕದ್ದು. ಸಿ.ಎನ್.ಜಿ. ಕಿಟ್ ಇದ್ದಲ್ಲಿ ಅದು ನೋಂದಣಿ ಪತ್ರದಲ್ಲಿ ನಮೂದಾಗಿದೆಯೇ, ಸಿಲಿಂಡರಿನ ಮೂರು ವರ್ಷಗಳ ಒತ್ತಡ ಪರೀಕ್ಷೆ ಆಗಿದೆಯೇ ಎಂದು ನೋಡಬೇಕು.

ಚಾಸಿ ಸಂಖ್ಯೆ ಪತ್ರದೊಂದಿಗೆ ತಾಳೆಯಾಗಬೇಕು. ಬ್ಯಾಂಕಿನ ಸಾಲದ ಭಾರವಿದ್ದರೆ ನಮೂನೆ 35ರ ಮೂಲಕ ಅದನ್ನು ತೆಗೆಸಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30 ಸಲ್ಲಿಸಬೇಕು. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿರುವುದರಿಂದ ಪ್ರಾಮಾಣಿಕ ಮಾರಾಟಗಾರನೇ ಇದಕ್ಕೆ ಅವಸರಪಡುತ್ತಾನೆ. ಮುಂದೂಡುವವನ ವಿಷಯದಲ್ಲಿ ಜಾಗ್ರತೆ ವಹಿಸಬೇಕು. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಕೊಡಬೇಕು.

ಕೊಂಡ ಕಾರನ್ನು ಉಡುಪಿ, ಮಂಗಳೂರುಗಳಿಗೆ ಒಯ್ದು ಅಲ್ಲಿಯೇ ಇರಿಸಿಕೊಳ್ಳುವ ಮುಂಬಯಿ ಕನ್ನಡಿಗರು ಅನೇಕರಿದ್ದಾರೆ. ಅಂಥವರು ವಾಹನ ನೋಂದಣಿಯಾದ ಕಚೇರಿಯಿಂದ, ಅಂದರೆ ಎಂ.ಎಚ್. 01 ಆಗಿದ್ದರೆ ತಾಡದೇವ್, 02 ಆಗಿದ್ದರೆ ಅಂಧೇರಿ, 03 ಆಗಿದ್ದರೆ ವಡಾಲಾ, 47 ಆಗಿದ್ದರೆ ಬೊರಿವಲಿ ಕಚೇರಿಯಿಂದ, ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಾಹನವು 12 ತಿಂಗಳಿಗೂ ಮೀರಿ ಕರ್ನಾಟಕದಲ್ಲಿ ಇರುವುದಾದರೆ ಅಲ್ಲಿನ ತೆರಿಗೆ ಪಾವತಿಸಿ ಹೊಸ ನೋಂದಣಿ ಸಂಖ್ಯೆ ಪಡೆಯತಕ್ಕದ್ದು.